ಜೂನ್‌ನ ಬಾವುಟ, ನವೆಂಬರಿನ ಬೀದಿ: ಬೆಂಗಳೂರಿನ ಪ್ರೈಡ್ ಯಾರಿಗೆ ಸೇರಿದ್ದು?

ಬೆಂಗಳೂರಿನಲ್ಲಿ ಪ್ರೈಡ್‌ನ, ಅಂದರೆ ಸಲಿಂಗಪ್ರೇಮಿಗಳು, ತೃತೀಯ ಲಿಂಗಿಗಳು ಮೊದಲಾದ ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ಆಚರಣೆಯ, ಕಾಮನಬಿಲ್ಲಿನ ಬಾವುಟ ವರ್ಷಕ್ಕೆ ಎರಡು ಸಲ ಏರುತ್ತದೆ. ಜೂನ್ ಬಂದರೆ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳೊಳಗೆ ಏರುತ್ತದೆ. ಕಂಪನಿಗಳ ಲಾಂಛನಗಳು ಒಂದು ತಿಂಗಳ ಮಟ್ಟಿಗೆ ಬಣ್ಣ ಬದಲಿಸುತ್ತವೆ, ಕ್ಯಾಂಟೀನುಗಳಲ್ಲಿ ಕೇಕ್ ಕತ್ತರಿಸಲಾಗುತ್ತದೆ, ಸಭಾಂಗಣಗಳಲ್ಲಿ ಉಪನ್ಯಾಸಗಳು ನಡೆಯುತ್ತವೆ. ನವೆಂಬರಿನಲ್ಲಿ ಅದೇ ಬಾವುಟ ಬೀದಿಗೆ ಬರುತ್ತದೆ. ತಮಟೆಯ ಸದ್ದಿನ ಜೊತೆಗೆ, ಜರಿ ಸೀರೆಯುಟ್ಟ ಹಿಜ್ರಾಗಳ ಜೊತೆಗೆ, ಜಿಲ್ಲೆಗಳಿಂದ ಬಸ್ಸು ಹತ್ತಿ ಬಂದವರ ಜೊತೆಗೆ ಬರುತ್ತದೆ. ಜೂನ್ ಆಚರಣೆಗೆ ಮೂಲ ನ್ಯೂಯಾರ್ಕಿನದು: 1969ರ ಜೂನ್ 28ರಂದು ಸ್ಟೋನ್‌ವಾಲ್ ಇನ್ ಎಂಬ ಸಲಿಂಗಪ್ರೇಮಿಗಳ ಬಾರಿನ ಮೇಲೆ ಪೊಲೀಸರು ನಡೆಸಿದ ದಾಳಿ ಮತ್ತು ಅದಕ್ಕೆ ಎದ್ದ ಪ್ರತಿರೋಧ. ನವೆಂಬರಿನ ಮೆರವಣಿಗೆಗೆ ಬೇರೆಯದೇ ಚರಿತ್ರೆಯಿದೆ, ಅದು ಬಹುಪಾಲು ಈ ಊರಿನದೇ. ಕಳೆದ ಕೆಲವು ವರ್ಷಗಳಲ್ಲಿ ಜೂನ್‌ನ ಪ್ರೈಡ್ ಬೆಳೆಯುತ್ತಲೇ ಇದೆ, ನವೆಂಬರಿನ ಪ್ರೈಡ್‌ಗೆ ಬೀದಿ ಕಿರಿದಾಗುತ್ತಿದೆ. ಈ ಲೇಖನ ಆ ಎರಡು ಚಲನೆಗಳ ಕುರಿತದ್ದು.

ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದು 2008ರ ಜೂನ್ 29ರಂದು. ಅದೇ ದಿನ ದೆಹಲಿ, ಕೋಲ್ಕತ್ತ ಮತ್ತು ಪುದುಚೇರಿಗಳಲ್ಲೂ ಜನ ನಡೆದರು. ಕೋಲ್ಕತ್ತದಲ್ಲಿ 1999ರಲ್ಲೇ ಹದಿನೈದು ಮಂದಿಯ ಪುಟ್ಟ ನಡಿಗೆಯೊಂದು ಆಗಿತ್ತು, ಭಾರತದ ಮಟ್ಟಿಗೆ ಅದೇ ಮೊದಲು. 2008ರಲ್ಲಿ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಪೂರ್ಣ ಜೀವಂತವಾಗಿತ್ತು. 1860ರಲ್ಲಿ ಬ್ರಿಟಿಷರು ಬರೆದ, ಸಲಿಂಗ ಸಂಭೋಗವನ್ನೂ ಶಿಕ್ಷಾರ್ಹವಾಗಿಸಿದ್ದ ಆ ಕಲಮಿನ ಪ್ರಕಾರ ಮೆರವಣಿಗೆಯಲ್ಲಿದ್ದ ಅನೇಕರ ಖಾಸಗಿ ಬದುಕು ಅಪರಾಧವಾಗಿತ್ತು. ಹಾಗಾಗಿ ಹಲವರು ಮುಖವಾಡ ತೊಟ್ಟು ನಡೆದರು. ಮನೆಯವರು ಟಿ.ವಿ.ಯಲ್ಲಿ ನೋಡಿಬಿಟ್ಟರೆ, ಕಚೇರಿಯಲ್ಲಿ ತಿಳಿದುಬಿಟ್ಟರೆ ಎಂಬ ಭಯ ಅವರದು. ಆ ಭಯ ಇಂದಿಗೂ ಹೋಗಿಲ್ಲ. ಮೆರವಣಿಗೆಯ ಫೋಟೋವೊಂದು ವಾಟ್ಸ್‌ಆ್ಯಪ್‌ನಲ್ಲಿ ಊರು ತಲುಪಿದ ಮೇಲೆ ಮನೆಗೆ ಹೋಗಲಾರದವರು ಇಂದೂ ಇದ್ದಾರೆ. ಕ್ಯಾಮೆರಾ ಹಿಡಿದು ಬರುವವರು ಕೇಳಿ ಚಿತ್ರ ತೆಗೆಯಬೇಕು ಎಂಬ ಆಯೋಜಕರ ಕೋರಿಕೆಯನ್ನು ಸುದ್ದಿವಾಹಿನಿಗಳು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬ ದೂರು ನನ್ನದೂ ಹೌದು.

ಆ ಮೆರವಣಿಗೆಯನ್ನು ಕಟ್ಟಿದ ಒಕ್ಕೂಟದ ಸ್ವರೂಪವನ್ನು ಗಮನಿಸಬೇಕು. ಅದು ಲೈಂಗಿಕ ಕಾರ್ಮಿಕರ ಮತ್ತು ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಒಕ್ಕೂಟ. ಇವೆರಡನ್ನು ಒಟ್ಟಿಗೆ ಹಿಡಿದದ್ದು ಯಾರದೋ ಉದಾರತೆಯಿಂದಲ್ಲ. ಮನೆಯಿಂದ ಹೊರದೂಡಲ್ಪಟ್ಟ ಹಿಜ್ರಾಗಳಿಗೆ, ಬಡ ಕುಟುಂಬಗಳ ಕೋತಿಗಳಿಗೆ (ಹೆಣ್ಣಿನ ನಡೆನುಡಿಯಿರುವ, ಗಂಡಸರನ್ನು ಬಯಸುವ ಪುರುಷರನ್ನು ಸಮುದಾಯ ಕರೆಯುವ ಹೆಸರು ಇದು) ಈ ನಗರದಲ್ಲಿ ಇದ್ದ ದುಡಿಮೆಯೆಂದರೆ ಭಿಕ್ಷೆ, ಆಶೀರ್ವಾದದ ಕಾಣಿಕೆ ಮತ್ತು ಲೈಂಗಿಕ ವೃತ್ತಿ ಮಾತ್ರ. ಬೆಂಗಳೂರಿನ ಹಮಾಮುಗಳು ಈ ಬದುಕಿನ ಕೇಂದ್ರಗಳಾಗಿದ್ದವು. ಹೊರಗಿನವರಿಗೆ ಬಿಸಿನೀರಿನ ಸ್ನಾನದ ಮನೆ. ಒಳಗೆ ಗುರು, ಚೇಲಾಗಳ ಸಂಸಾರ, ಆಸರೆ, ಜಗಳ, ಸಂಪಾದನೆ ಎಲ್ಲವೂ. ಪಾರ್ಕುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಪೊಲೀಸರ ಕೈಗೆ ಸಿಗುತ್ತಿದ್ದವರು ಇವರೇ. ಇಂಗ್ಲಿಷ್ ಬಲ್ಲ, ಸ್ವಂತ ಕೋಣೆಯಿದ್ದ ಗೇ ಯುವಕರಿಗೆ 377ನೇ ಕಲಂ ಹೆಚ್ಚಾಗಿ ಬೆದರಿಕೆಯಾಗಿತ್ತು, ಇವರಿಗೆ ಲಾಠಿಯಾಗಿತ್ತು.

ಈ ಮಾತಿಗೆ ಲಿಖಿತ ಸಾಕ್ಷ್ಯವಿದೆ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಬಗ್ಗೆ, 2003ರಲ್ಲಿ ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಮಿಕರ ಬಗ್ಗೆ ವರದಿಗಳನ್ನು ಹೊರತಂದಿತು. ಸುಲಿಗೆ, ಅಕ್ರಮ ಬಂಧನ, ಠಾಣೆಯೊಳಗಿನ ಹಿಂಸೆ ಎಲ್ಲವೂ ಅವುಗಳಲ್ಲಿ ದಾಖಲಾಗಿವೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ನಾಜ್ ಫೌಂಡೇಷನ್ ಪ್ರಕರಣದಲ್ಲಿ 377ನೇ ಕಲಮಿನ ಹಲ್ಲು ಕಿತ್ತಾಗ, ತೀರ್ಪಿನಲ್ಲಿ ಉಲ್ಲೇಖವಾದ ಘಟನೆಗಳಲ್ಲಿ ಒಂದು 2004ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು: ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಹಿಜ್ರಾ ಒಬ್ಬರನ್ನು ಪೊಲೀಸರು ಠಾಣೆಗೆ ಒಯ್ದು ಮತ್ತೆ ಹಿಂಸಿಸಿದ ಘಟನೆ. ದೇಶದ ಕಾನೂನನ್ನು ಬದಲಿಸಿದ ವಾದದ ನಡುವೆ ನಮ್ಮ ಊರಿನ ಆ ರಾತ್ರಿಯೂ ಇತ್ತು.

ಇದಕ್ಕೂ ಹಿಂದಿನ ಕೆಲಸ ಹೆಚ್ಚು ಸದ್ದಿಲ್ಲದೆ ನಡೆದಿತ್ತು. 1994ರಿಂದ ಗುಡ್ ಆ್ಯಸ್ ಯೂ ಎಂಬ ಲೈಂಗಿಕ ಅಲ್ಪಸಂಖ್ಯಾತರ ಬೆಂಬಲ ಗುಂಪು ಬೆಂಗಳೂರಿನಲ್ಲಿ ಸೇರುತ್ತ ಬಂದಿದೆ. 1997ರಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಗೇ ಹಕ್ಕುಗಳ ಬಗ್ಗೆ ವಿಚಾರಸಂಕಿರಣ ನಡೆಯಿತು. 1999ರಲ್ಲಿ ಶುರುವಾದ ಸಂಗಮ ಸಂಸ್ಥೆ ಬಡವರ, ಇಂಗ್ಲಿಷ್ ಬಾರದವರ, ಬೀದಿಯಲ್ಲಿದ್ದವರ ನಡುವೆ ಕೆಲಸ ಮಾಡುವುದನ್ನೇ ಗುರಿಯಾಗಿಸಿಕೊಂಡಿತು. ಮುಂದೆ ರಾಜ್ಯದ ಅನೇಕ ಸಮುದಾಯ ನಾಯಕರು ಬೆಳೆದದ್ದು ಈ ಬಗೆಯ ಸಂಘಟನೆಗಳಲ್ಲಿ. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಅಕ್ಕೈ ಪದ್ಮಶಾಲಿ ಆ ಪರಂಪರೆಯವರು. 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ತೃತೀಯ ಲಿಂಗಿ ಅರ್ಜಿದಾರರಲ್ಲಿ ಅವರೂ ಒಬ್ಬರು.

ಮೊದಲ ಮೆರವಣಿಗೆ ಮುಗಿದ ನಾಲ್ಕೇ ತಿಂಗಳಿಗೆ, 2008ರ ಅಕ್ಟೋಬರಿನಲ್ಲಿ, ಬನಶಂಕರಿ ಮತ್ತು ಗಿರಿನಗರದ ಭಾಗದಲ್ಲಿ ಹಿಜ್ರಾಗಳನ್ನು ಪೊಲೀಸರು ಬಂಧಿಸಿದರು. ಅವರ ನೆರವಿಗೆ ಹೋದ ಕಾರ್ಯಕರ್ತರನ್ನೂ ಬಿಡಲಿಲ್ಲ. ಒಂದು ಭಾನುವಾರ ನಡೆದುಬಿಟ್ಟರೆ ಬೀದಿ ನಮ್ಮದಾಗುವುದಿಲ್ಲ ಎಂದು ಆ ಬಂಧನಗಳು ಕಲಿಸಿದವು. ಪ್ರೈಡ್ ಎಂದರೆ ಕುಣಿತ ಮಾತ್ರ ಎಂದು ಮೂಗು ಮುರಿಯುವವರು, ಇಲ್ಲಿನ ಮೆರವಣಿಗೆಯಲ್ಲಿ ಪ್ರತಿವರ್ಷ ಬೇಡಿಕೆಗಳ ಪಟ್ಟಿ ಯಾಕೆ ಇರುತ್ತದೆ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಆರಂಭದ ವರ್ಷಗಳ ನಂತರ ಮೆರವಣಿಗೆ ನವೆಂಬರಿಗೆ ಬಂತು. ಸುತ್ತಮುತ್ತಲ ದಿನಗಳಲ್ಲಿ ಚಲನಚಿತ್ರ, ನಾಟಕ, ಆಟೋಟ, ಚರ್ಚೆಗಳು ಸೇರಿಕೊಂಡು ಅದು ಕರ್ನಾಟಕ ಕ್ವಿಯರ್ ಹಬ್ಬವಾಯಿತು. ಕ್ವಿಯರ್ ಎಂಬುದು ಈ ಎಲ್ಲ ಲೈಂಗಿಕ ಅಲ್ಪಸಂಖ್ಯಾತರಿಗೂ ಒಟ್ಟಾಗಿ ಬಳಸುವ ಪದ. ರಾಜ್ಯೋತ್ಸವದ ಹಳದಿ ಕೆಂಪು ಬಾವುಟಗಳು ಇನ್ನೂ ಕಂಬಗಳಲ್ಲಿ ಇರುವಾಗಲೇ ಕಾಮನಬಿಲ್ಲು ಬೀದಿಗೆ ಬರುತ್ತದೆ ಎಂಬುದು ನನಗೆ ಪ್ರಿಯವಾದ ಸಂಗತಿ.

ಬಹುಕಾಲ ಮೆರವಣಿಗೆಯ ದಾರಿ ಮೆಜೆಸ್ಟಿಕ್ ಬಳಿಯ ತುಳಸಿ ತೋಟದಿಂದ ಪುಟ್ಟಣ್ಣ ಚೆಟ್ಟಿ ಪುರಭವನದವರೆಗೆ ಇತ್ತು. ಈ ದಾರಿಗೆ ಅರ್ಥವಿತ್ತು. ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಆಟೋ ಬೇಕಿರಲಿಲ್ಲ. ಬಳ್ಳಾರಿಯಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬಂದವರು, ಹಮಾಮಿನಿಂದ ಬಂದವರು, ಇಂದಿರಾನಗರದ ಬಾಡಿಗೆ ಮನೆಯಿಂದ ಬಂದ ಸಾಫ್ಟ್‌ವೇರ್ ಉದ್ಯೋಗಿ ಎಲ್ಲರೂ ಒಂದೇ ರಸ್ತೆಯಲ್ಲಿ ಇರುತ್ತಿದ್ದರು. ಪೇಟೆಯ ಅಂಗಡಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಕೆಲವರು ನಗುತ್ತಿದ್ದರು, ಕೆಲವರು ಕೈಬೀಸುತ್ತಿದ್ದರು. ಹಾಗೆ ನೋಡಿದವರಲ್ಲಿ ಯಾರ ಮಗನೋ ಮಗಳೋ ಮನೆಯಲ್ಲಿ ಬಾಯಿಮುಚ್ಚಿಕೊಂಡು ಇದ್ದಿರಬಹುದು. ಟಿಕೆಟ್ ಇಟ್ಟ ಸಭಾಂಗಣದೊಳಗೆ ಅಂಥ ಮನೆಯವರು ಕಾಲಿಡುವುದಿಲ್ಲ. ಬೀದಿಯಲ್ಲಿ ಮಾತ್ರ ಅವರು ಆಕಸ್ಮಿಕವಾಗಿ ಪ್ರೈಡ್‌ಗೆ ಎದುರಾಗುತ್ತಾರೆ.

ಈ ಬೀದಿಯೇ ಈಗ ಚೌಕಾಸಿಯ ವಸ್ತು. 2020ರ ಫೆಬ್ರುವರಿಯಲ್ಲಿ ಪುರಭವನದ ಮುಂದೆ ಪ್ರತಿಭಟನೆ ಬೇಡವೆಂದು ಬಿಬಿಎಂಪಿ ಕೌನ್ಸಿಲ್ ನಿರ್ಣಯಿಸಿತು. 2021ರಲ್ಲಿ ಸಂಚಾರ ದಟ್ಟಣೆಯ ಕುರಿತು ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಎತ್ತಿಕೊಂಡಿತು. ಅದರ ಬೆನ್ನಿಗೆ ಬಂದ ಪೊಲೀಸ್ ಆದೇಶ, ಬೆಂಗಳೂರು ನಗರದ ಪ್ರತಿಭಟನೆಗಳನ್ನೂ ಪ್ರತಿಭಟನಾ ಮೆರವಣಿಗೆಗಳನ್ನೂ ಫ್ರೀಡಂ ಪಾರ್ಕ್‌ಗೆ ಸೀಮಿತಗೊಳಿಸಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನೆಲ್ಲ ಕೂಡಿಟ್ಟಿದ್ದ ಹಳೆಯ ಕೇಂದ್ರ ಕಾರಾಗೃಹದ ಆವರಣವೇ ಇಂದಿನ ಫ್ರೀಡಂ ಪಾರ್ಕ್. ಅದರ ಗೋಡೆಗಳ ನಡುವೆ ಕೂಗಿದರೆ ಕೇಳಿಸಿಕೊಳ್ಳುವವರು ಬಂದೋಬಸ್ತಿನ ಪೊಲೀಸರು ಮತ್ತು ಪಕ್ಕದ ಶಾಮಿಯಾನದ ಪ್ರತಿಭಟನಾಕಾರರು. ಆಂಬ್ಯುಲೆನ್ಸ್ ಸಿಕ್ಕಿಬೀಳುವ ನಗರದಲ್ಲಿ ಸಂಚಾರದ ಚಿಂತೆ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಭಾನುವಾರ ಮಧ್ಯಾಹ್ನದ ಎರಡು ಮೂರು ಗಂಟೆಯ ನಡಿಗೆಗೂ ವಾರದ ದಿನದ ರಸ್ತೆ ತಡೆಗೂ ಒಂದೇ ಅಳತೆ ಹಿಡಿಯುವುದು ಸರಿಯಲ್ಲ. ಪ್ರೈಡ್ ಹಬ್ಬವೂ ಹೌದು, ಪ್ರತಿಭಟನೆಯೂ ಹೌದು. ಅನುಮತಿಗಾಗಿ ಹಬ್ಬ ಎಂದಷ್ಟೇ ಬರೆದುಕೊಡುವ ಒತ್ತಡ ಹುಟ್ಟಿದರೆ ಬೇಡಿಕೆಗಳ ಪಟ್ಟಿ ತಾನಾಗಿ ತೆಳುವಾಗುತ್ತದೆ.

ಬೆಂಗಳೂರಿಗೆ ಮೆರವಣಿಗೆಗಳು ಹೊಸವಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನು ಹೊರುವವರು ದ್ರೌಪದಿಯ ವೇಷದಲ್ಲಿರುವ ತಿಗಳ ಸಮುದಾಯದ ಪುರುಷ. ಮಲ್ಲಿಗೆ ಮುಡಿದು, ಬಳೆ ತೊಟ್ಟು, ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುವ ಆ ಹೆಜ್ಜೆಗಳಿಗೆ ಇಡೀ ಪೇಟೆ ಎಚ್ಚರವಿದ್ದು ಕೈಮುಗಿಯುತ್ತದೆ. ಕರಗ ಹೊರುವವರು ಕ್ವಿಯರ್ ಎಂದು ನಾನು ಹೇಳುತ್ತಿಲ್ಲ. ಅದು ವ್ರತ, ಅದರ ಕಟ್ಟಳೆಗಳೇ ಬೇರೆ. ಗಂಡು ಹೆಣ್ಣಿನ ಗಡಿ ಕಲಕುವುದನ್ನು ಕಂಡೊಡನೆ ಇದು ಹೊರಗಿನಿಂದ ಬಂದ ರೋಗ ಎನ್ನುವವರಿಗೆ ಈ ಊರಿನ ಕಣ್ಣು ಅಷ್ಟು ಹೊಸದಲ್ಲ ಎಂದಷ್ಟೇ ಹೇಳಬೇಕಾಗಿದೆ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನಿಗೆ ಒಪ್ಪಿಸಿಕೊಂಡ ಜೋಗಪ್ಪ, ಜೋಗತಿಯರ ಪರಂಪರೆ ತಲೆಮಾರುಗಳದು. ಆ ಪರಂಪರೆಯ ತೃತೀಯ ಲಿಂಗಿ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದರು. ಅದನ್ನು ನೋಡಿ ಕಣ್ಣು ತುಂಬಿಕೊಂಡ ಕನ್ನಡಿಗರು ಬಹಳ ಮಂದಿ.

ಆದರೆ ಗೌರವಕ್ಕೂ ಹಕ್ಕಿಗೂ ನಡುವೆ ದೊಡ್ಡ ಅಂತರವಿದೆ. ಜೋಗತಿಯ ಕಾಲಿಗೆ ಎರಗುವ ಕೈ ಅವಳಿಗೆ ಬಾಡಿಗೆ ಮನೆ ಕೊಡುವುದಿಲ್ಲ. ದೇವರ ಹೆಸರಿನಲ್ಲಿ ಒಪ್ಪಿಕೊಂಡ ಸಮಾಜ, ದೇವರ ನೆಪವಿಲ್ಲದೆ ಇಬ್ಬರು ಹುಡುಗಿಯರು ಒಟ್ಟಿಗೆ ಬಾಳುತ್ತೇವೆ ಎಂದರೆ ಬಾಗಿಲು ಹಾಕುತ್ತದೆ. ಲೆಸ್ಬಿಯನ್ ಮಹಿಳೆಯರೂ, ಹೆಣ್ಣೆಂದು ಬೆಳೆಸಲ್ಪಟ್ಟು ಗಂಡಾಗಿ ಬದುಕುವ ಟ್ರಾನ್ಸ್ ಪುರುಷರೂ ಮೆರವಣಿಗೆಯಲ್ಲಿ ಕಡಿಮೆ ಕಾಣುವುದಕ್ಕೆ ಇದು ಮುಖ್ಯ ಕಾರಣ. ಹಿಜ್ರಾಗಳಿಗೆ ಕಷ್ಟದ್ದಾದರೂ ಒಂದು ಜಮಾತ್ ಇದೆ, ಗುರುವಿನ ಮನೆಯಿದೆ. ಇವರಿಗೆ ಮನೆ ಬಿಟ್ಟರೆ ಹೋಗುವ ಜಾಗವೇ ಇಲ್ಲ. ಭಾನುವಾರ ಮಧ್ಯಾಹ್ನ ಎಲ್ಲಿಗೆ ಹೊರಟೆ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮನೆಯಿಂದ ಹೊರಬೀಳುವ ಸ್ವಾತಂತ್ರ್ಯ ಎಷ್ಟು ಹೆಣ್ಣುಮಕ್ಕಳಿಗಿದೆ?

ಕಾನೂನಿನ ಕಥೆ ಎಲ್ಲರಿಗೂ ಸ್ವಲ್ಪ ಮಟ್ಟಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 2009ರ ಗೆಲುವನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರಿನಲ್ಲಿ ಕಸಿದುಕೊಂಡಿತು. 2014ರ ಏಪ್ರಿಲ್‌ನಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪು ತೃತೀಯ ಲಿಂಗಿಗಳಿಗೆ ತಮ್ಮ ಲಿಂಗವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಮನ್ನಿಸಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ತಳಹದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಂಬಂಧಗಳ ಮಟ್ಟಿಗೆ 377ನೇ ಕಲಂ ಬಿದ್ದುಹೋಯಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮನ್ನಣೆ ಕೊಡಲು ಅದೇ ನ್ಯಾಯಾಲಯ ನಿರಾಕರಿಸಿತು. ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಿಲ್ಲ: ದಂಡ ಸಂಹಿತೆಯ ಬದಲು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೇ ಕಲಮನ್ನು ಪೂರ್ತಿಯಾಗಿ ಕೈಬಿಡಲಾಗಿದೆ, ಹಾಗಾಗಿ ಪುರುಷರ ಮೇಲಿನ ಅತ್ಯಾಚಾರಕ್ಕೆ ನೇರವಾಗಿ ಅನ್ವಯಿಸುವ ಕಲಮೂ ಉಳಿದಿಲ್ಲ. ತೃತೀಯ ಲಿಂಗಿಗಳ 2019ರ ಕಾಯ್ದೆ ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಕೊಡುವ ಗರಿಷ್ಠ ಶಿಕ್ಷೆ ಎರಡು ವರ್ಷ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ.

ಈಗ ಜೂನ್‌ಗೆ ಬರೋಣ. 2018ರ ತೀರ್ಪಿನ ನಂತರ ಬೆಂಗಳೂರಿನ ಕಂಪನಿಗಳಲ್ಲಿ ಕ್ವಿಯರ್ ನೌಕರರ ಬಳಗಗಳು ಬೆಳೆದವು. ಹಲವೆಡೆ ಸಂಗಾತಿಗೂ ಆರೋಗ್ಯ ವಿಮೆ ಸಿಗುತ್ತದೆ, ಕೆಲವೆಡೆ ಲಿಂಗ ಪರಿವರ್ತನೆಯ ಚಿಕಿತ್ಸೆಗೂ. ಇದನ್ನು ಹಗುರವಾಗಿ ಕಾಣಬಾರದು. ಕೊಪ್ಪಳದಿಂದಲೋ ಹಾಸನದಿಂದಲೋ ಬಂದ ಹುಡುಗನೊಬ್ಬ ತನ್ನ ಮೇಜಿನ ಮೇಲೆ ಪುಟ್ಟ ಬಾವುಟ ಇಟ್ಟುಕೊಂಡು ನಿರಾತಂಕವಾಗಿ ಕೆಲಸ ಮಾಡುವುದು ಅವನ ಪಾಲಿಗೆ ಬದುಕೇ ಬದಲಾದಂತೆ. ಆದರೆ ಆ ಬಾವುಟವಿರುವ ಕಟ್ಟಡಕ್ಕೆ ಗುರುತಿನ ಚೀಟಿ ಉಜ್ಜಿ ಒಳಗೆ ಹೋಗಬೇಕು. ಅದೇ ಕಟ್ಟಡದ ಮುಂದಿನ ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳುವವರು ಒಳಗಿನ ಜೂನ್ ಆಚರಣೆಗೆ ಅತಿಥಿಯಾಗಿ ಬಂದದ್ದುಂಟು, ಉದ್ಯೋಗಿಯಾಗಿ ಬಂದದ್ದು ಬಹಳ ವಿರಳ. ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರಿಗೆ ಪದವಿ ಕೇಳುವ ನೇಮಕಾತಿಯಿಂದ ಏನೂ ಸಿಗುವುದಿಲ್ಲ. ತರಬೇತಿ ಕೊಟ್ಟು ತೆಗೆದುಕೊಳ್ಳುವ ತಾಳ್ಮೆ ಬೇಕು, ಜೂನ್‌ನ ಒಂದು ದಿನದ ಕಾರ್ಯಕ್ರಮದ ಬಜೆಟ್‌ನಲ್ಲಿ ಆ ತಾಳ್ಮೆಗೆ ಜಾಗವಿರುವುದಿಲ್ಲ.

ಮೆರವಣಿಗೆಯಲ್ಲಿ ಕಂಪನಿಗಳ ಫಲಕ ಇರಬೇಕೋ ಬೇಡವೋ ಎಂಬ ಜಗಳ ಸಮುದಾಯದೊಳಗೆ ಹಳೆಯದು. ವೇದಿಕೆ, ಧ್ವನಿವರ್ಧಕ, ಜಿಲ್ಲೆಗಳಿಂದ ಬರುವವರ ಪ್ರಯಾಣ ಎಲ್ಲಕ್ಕೂ ಹಣ ಬೇಕು, ಸಮುದಾಯದ ದೇಣಿಗೆ ಎಷ್ಟೆಂದು ಬಂದೀತು ಎಂಬುದು ಒಂದು ವಾದ. ಫಲಕ ಬಂದರೆ ಲೈಂಗಿಕ ಕಾರ್ಮಿಕರ ಘೋಷಣೆ ಮುಜುಗರದ ವಿಷಯವಾಗುತ್ತದೆ, ಜಾತಿಯ ಮಾತು ಕಹಿಯಾಗುತ್ತದೆ ಎಂಬುದು ಇನ್ನೊಂದು. ನಾನು ಎರಡನೆಯವರ ಪರ. ಹಣ ಕೊಡಲಿ, ಹೆಸರು ಹಾಕದೆ ಕೊಡಲಿ.

ಭಾಷೆಯೂ ಇದೇ ಪ್ರಶ್ನೆಯ ಇನ್ನೊಂದು ಮುಖ. ಮೆರವಣಿಗೆಯ ಬೀದಿಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಎಲ್ಲವೂ ಕೇಳಿಸುತ್ತವೆ. ನಗರದ ಉಳಿದ ಕ್ವಿಯರ್ ಕಾರ್ಯಕ್ರಮಗಳಲ್ಲಿ, ಅಂದರೆ ಕವಿತೆ ವಾಚನ, ಪುಸ್ತಕ ಚರ್ಚೆ, ರಾತ್ರಿ ಪಾರ್ಟಿ, ಸಿನಿಮಾ ಪ್ರದರ್ಶನಗಳಲ್ಲಿ, ಬಹುಪಾಲು ಇಂಗ್ಲಿಷ್ ಮಾತ್ರ. ಆಹ್ವಾನ ಇಂಗ್ಲಿಷಿನಲ್ಲಿ, ಅದು ಬರುವ ಇನ್‌ಸ್ಟಾಗ್ರಾಂ ಖಾತೆ ಇಂಗ್ಲಿಷಿನಲ್ಲಿ, ನಡೆಯುವ ಜಾಗ ಕಾಫಿಗೆ ಮುನ್ನೂರು ರೂಪಾಯಿ ಕೇಳುವಂಥದ್ದು. ಇದಕ್ಕೆ ಹೊರತಾದ ಕೆಲಸಗಳೂ ಇವೆ. ಸಮುದಾಯ ಬಾನುಲಿ ರೇಡಿಯೋ ಆಕ್ಟಿವ್‌ನಲ್ಲಿ ತೃತೀಯ ಲಿಂಗಿ ನಿರೂಪಕರು ಮಾತನಾಡಿದ್ದಾರೆ. ತೃತೀಯ ಲಿಂಗಿ ಮಹಿಳೆಯರನ್ನು ಒಳಗೊಂಡ ಅರವಾಣಿ ಆರ್ಟ್ ಪ್ರಾಜೆಕ್ಟ್‌ನ ಕಲಾವಿದೆಯರು ನಗರದ ಗೋಡೆಗಳ ಮೇಲೆ ತಮ್ಮ ಮುಖಗಳನ್ನೇ ಬರೆದಿದ್ದಾರೆ. ಆದರೆ ಮಗ ಗೇ ಎಂದು ತಿಳಿದು ದಿಕ್ಕೆಟ್ಟ ದಾವಣಗೆರೆಯ ತಾಯಿಯೊಬ್ಬರಿಗೆ ಕನ್ನಡದಲ್ಲಿ ಓದಲು ಸಿಗುವುದೇನು? ಯೂಟ್ಯೂಬಿನಲ್ಲಿ ಮೊದಲು ಸಿಗುವುದು ಇದನ್ನು ವಾಸಿ ಮಾಡುತ್ತೇವೆ ಎನ್ನುವವರು. ಸಲಿಂಗಪ್ರೇಮ ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯಕೀಯ ಸಂಘ 2018ರಲ್ಲೇ ಸ್ಪಷ್ಟಪಡಿಸಿದೆ. ಅದನ್ನು ಬದಲಿಸುವ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಈ ಎರಡು ವಾಕ್ಯಗಳು ಕನ್ನಡದಲ್ಲಿ ಆ ತಾಯಿಯನ್ನು ತಲುಪುವುದು ನನ್ನ ಮಟ್ಟಿಗೆ ಹತ್ತು ಪಾರ್ಟಿಗಳಿಗಿಂತ ಹೆಚ್ಚಿನದು.

ಸರ್ಕಾರದ ಲೆಕ್ಕದಲ್ಲಿ ಎರಡೂ ಬಗೆಯ ದಾಖಲೆಗಳಿವೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ‘ನಪುಂಸಕ’ರ ಹೆಸರು, ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತ್ತು. ಒಂದಿಡೀ ಸಮುದಾಯವನ್ನು ಹುಟ್ಟಿನಿಂದಲೇ ಶಂಕಿತರೆಂದು ಬಗೆಯುವ ವಸಾಹತುಶಾಹಿ ಬುದ್ಧಿ ಅದು. ಸಮುದಾಯ ನ್ಯಾಯಾಲಯಕ್ಕೆ ಹೋದ ಮೇಲೆ ಆ ಪದವನ್ನು ತೆಗೆದುಹಾಕಲಾಯಿತು. ಇನ್ನೊಂದು ಕಡೆ, 2017ರಲ್ಲಿ ರಾಜ್ಯವು ತೃತೀಯ ಲಿಂಗಿಗಳ ನೀತಿ ತಂದಿತು. ಸಂಗಮ ಹೂಡಿದ ಮೊಕದ್ದಮೆಯ ಫಲವಾಗಿ 2021ರಲ್ಲಿ ಅವರಿಗೆ ಸರ್ಕಾರಿ ನೌಕರಿಗಳಲ್ಲಿ ಶೇ 1ರ ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯವಾಯಿತು ಕರ್ನಾಟಕ. ಈ ಮೀಸಲಾತಿ ಸಾಮಾನ್ಯ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಎಲ್ಲದರೊಳಗೂ ಅಡ್ಡಡ್ಡವಾಗಿ ಹಾಯುತ್ತದೆ. ಹಾಗಾಗಿ ದಲಿತ ತೃತೀಯ ಲಿಂಗಿಯೊಬ್ಬರು ತಮ್ಮ ಜಾತಿಯ ಹಕ್ಕನ್ನು ಬಿಟ್ಟು ಲಿಂಗದ ಹಕ್ಕನ್ನು ಪಡೆಯಬೇಕಾಗಿಲ್ಲ. ತೃತೀಯ ಲಿಂಗಿಗಳನ್ನೆಲ್ಲ ಒಂದೇ ಹಿಂದುಳಿದ ವರ್ಗದ ಪಟ್ಟಿಗೆ ತಳ್ಳುವ ಮಾದರಿಗಿಂತ ಇದು ಎಷ್ಟೋ ನ್ಯಾಯಯುತ. ತೃತೀಯ ಲಿಂಗಿಗಳಿಗೆ ರಾಜ್ಯ ಕೊಡುವ ಮೈತ್ರಿ ಯೋಜನೆಯ ಮಾಸಾಶನ 800ರಿಂದ 1,200 ರೂಪಾಯಿಗೆ ಏರಿದೆ, ಅದರಲ್ಲಿ ಬೆಂಗಳೂರಿನ ಒಂದು ಕೋಣೆಯ ವಾರದ ಬಾಡಿಗೆಯೂ ಆಗದು.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದಲ್ಲಿ ತೃತೀಯ ಲಿಂಗಿಗಳೂ ಸೇರಿದ್ದಾರೆ. ಬೀದರಿನಿಂದ ಮೆಜೆಸ್ಟಿಕ್‌ವರೆಗೆ ಕಾಸಿಲ್ಲದೆ ಬರಬಹುದು ಎಂಬುದು ನವೆಂಬರಿನ ಮೆರವಣಿಗೆಗೆ ಯಾವ ಪ್ರಾಯೋಜಕರೂ ಕೊಡದ ನೆರವು. ಅಡ್ಡಿ ಬರುವುದು ಗುರುತಿನ ಚೀಟಿಯಲ್ಲಿ. ಆಧಾರ್‌ನಲ್ಲಿ ಹಳೆಯ ಹೆಸರು, ಹಳೆಯ ಫೋಟೋ, ಎದುರಿಗೆ ಸೀರೆಯುಟ್ಟ ವ್ಯಕ್ತಿ. ನಿರ್ವಾಹಕರ ಮನಸ್ಸಿದ್ದಂತೆ ಪ್ರಯಾಣ. ಪ್ರಮಾಣಪತ್ರಕ್ಕಾಗಿ 2019ರ ಕಾಯ್ದೆಯ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು, ಅದಕ್ಕೆ ವಿಳಾಸ ಬೇಕು. ಮನೆಯಿಂದ ಹೊರಗಟ್ಟಲ್ಪಟ್ಟವರಿಗೆ ವಿಳಾಸ ಎಲ್ಲಿಂದ ಬರಬೇಕು?

ಇಂಥ ಸಣ್ಣ ಅಡ್ಡಿಗಳಲ್ಲಿ ಕೆಲವನ್ನು ತೀರ ಸುಲಭವಾಗಿ ತೆಗೆಯಬಹುದು. ವಿವಾಹ ತೀರ್ಪಿನ ನಂತರ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ರಚಿಸಿತು. 2024ರಲ್ಲಿ ಎರಡು ಸ್ಪಷ್ಟೀಕರಣಗಳು ಬಂದವು: ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಗಾಗಿ ಒಂದೇ ಕುಟುಂಬವೆಂದು ಪರಿಗಣಿಸಬಹುದು, ಮತ್ತು ಅವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮನಿರ್ದೇಶನ ಮಾಡಲು ಯಾವ ನಿರ್ಬಂಧವೂ ಇಲ್ಲ. ಕಡತದ ಮೇಲೆ ಹೀಗಿದೆ. ಆದರೆ ಕೆಂಗೇರಿಯ ನ್ಯಾಯಬೆಲೆ ಅಂಗಡಿಯಲ್ಲೋ ಯಶವಂತಪುರದ ಬ್ಯಾಂಕ್ ಶಾಖೆಯಲ್ಲೋ ಕೌಂಟರಿನ ಹಿಂದೆ ಕುಳಿತವರಿಗೆ ಇದು ತಿಳಿದಿದೆಯೇ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಆ ಸೂಚನೆಗಳನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಕೌಂಟರಿಗೆ ಅಂಟಿಸಲು ಹೊಸ ಕಾಯ್ದೆ ಬೇಕಿಲ್ಲ, ಸುಪ್ರೀಂ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಮುಂದಿನ ನವೆಂಬರಿನ ಬೇಡಿಕೆಗಳ ಪಟ್ಟಿಯಲ್ಲಿ, ತುಳಸಿ ತೋಟದಿಂದ ಪುರಭವನದ ದಾರಿಯನ್ನು ಮರಳಿ ಕೊಡಿ ಎಂಬುದರ ಪಕ್ಕದಲ್ಲೇ, ಇದನ್ನೂ ಬರೆಯಬೇಕು.